ಮಗನ ಗುಮ್ಮಟ ಗೊತ್ತು, ಅಪ್ಪ ಯಾರು?

ಬೆಳಿಗ್ಗೆ ಗೋಳಗುಮ್ಮಟದ ಮೆಟ್ಟಿಲು ಇಳಿದು ಮನೆಗೆ ಬಂದರೂ ಸಿಟ್ಟು ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಮೇಲಿನ ಗ್ಯಾಲರಿಯಲ್ಲಿ ಶಾಲೆ ಮಕ್ಕಳ ದೊಡ್ಡ ಗುಂಪಿತ್ತು. ಕರೆದುಕೊಂಡು ಬಂದವರು "ಜೋರಾಗಿ ಕೂಗ್ರಿ, ಏಳು ಸಲ ಕೇಳಸ್ತದ" ಅಂದರು. ಮಕ್ಕಳು ಕೂಗಿದರು, ಕೂಗುವ ವಯಸ್ಸು, ಅವರನ್ನು ನಾನೇನೂ ಅನ್ನುವುದಿಲ್ಲ. ಅಷ್ಟರಲ್ಲಿ ಒಬ್ಬ ಹುಡುಗಿ "ಸರ್, ಈ ರಾಜಾ ಏನ್ ಮಾಡಿದ್ದ?" ಅಂತ ಕೇಳಿದಳು. "ಇದನ್ನ ಕಟ್ಟಸಿದ್ದ. ನಡಿ ನಡಿ, ಬಸ್ಸಿಗೆ ಟೈಮ್ ಆತು." ಬಸ್ಸು ಆಲಮಟ್ಟಿ ಕಡೆ ಹೊರಟಿತು. ಆ ಮಕ್ಕಳ ಪಾಲಿಗೆ ಬಿಜಾಪುರ ಮುಗಿಯಿತು.

ಗೋಳಗುಮ್ಮಟ ಸಣ್ಣ ಸಂಗತಿಯಲ್ಲ. ಹೊರಗಿಂದ ಅಳೆದರೆ ಸುಮಾರು 44 ಮೀಟರ್ ಅಗಲದ ಗುಮ್ಮಟ, ನಡುವೆ ಒಂದು ಕಂಬವಿಲ್ಲ. ಒಂದನ್ನೊಂದು ಹಾಯ್ದುಹೋಗುವ ಕಮಾನುಗಳು ಅಷ್ಟೂ ಭಾರವನ್ನು ಹೊತ್ತಿವೆ. ಆದರೆ ಅದು 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್‌ಶಾಹನ ಗೋರಿ. ಅವನ ಅಪ್ಪ ಎರಡನೇ ಇಬ್ರಾಹಿಂ ಆದಿಲ್‌ಶಾಹ, 1580ರಿಂದ 1627ರವರೆಗೆ ಆಳಿದವನು, ಊರಿನ ಪಡುವಣ ತುದಿಯ ಇಬ್ರಾಹಿಂ ರೋಜಾ ಎಂಬ ಗೋರಿಯಲ್ಲಿ ಮಲಗಿದ್ದಾನೆ. ಅಲ್ಲಿ ಕೂಗಿದರೆ ಪ್ರತಿಧ್ವನಿ ಬರುವುದಿಲ್ಲ. ಅದಕ್ಕೆ ಬಸ್ಸುಗಳೂ ಅತ್ತ ಬರುವುದಿಲ್ಲ.

ಯಾರು ಈ ಇಬ್ರಾಹಿಂ? ಆಗಿನ ಸುಲ್ತಾನ, ದೊಡ್ಡಪ್ಪ ಒಂದನೇ ಅಲಿಯ ಕೊಲೆಯಾದಾಗ ಸುಮಾರು ಒಂಬತ್ತರ ಹುಡುಗ. ಪಟ್ಟಕ್ಕೆ ಕೂರಿಸಿದ ಮೇಲೆ ಅವನ ಪರವಾಗಿ ರಾಜ್ಯ ನೋಡಿಕೊಂಡವಳು ದೊಡ್ಡವ್ವ ಚಾಂದ್ ಬೀಬಿ. ಮುಂದೆ ಅಹಮದ್‌ನಗರದ ಕೋಟೆಯಲ್ಲಿ ನಿಂತು ಅಕ್ಬರನ ಸೈನ್ಯವನ್ನು ತಡೆದ ಹೆಣ್ಣುಮಗಳು ಅವಳೇ. ಅವಳ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ, ಇವತ್ತು ಇಬ್ರಾಹಿಮನದೇ ಆಗಲಿ.

ಈ ಸುಲ್ತಾನ ಹಾಡು ಬರೆದ. ಆಸ್ಥಾನದ ಪಾರ್ಸಿಯಲ್ಲಿ ಅಲ್ಲ, ಈ ಸೀಮೆಯ ಬೀದಿಯ ಉರ್ದುವಾದ ದಖನಿಯಲ್ಲಿ. ಭೈರವ, ತೋಡಿ, ಅಸಾವರಿ, ಮಲ್ಹಾರ, ಕೇದಾರ ಹೀಗೆ ರಾಗರಾಗವಾಗಿ ಹೊಂದಿಸಿದ ಆ ಹಾಡುಗಳ ಪುಸ್ತಕಕ್ಕೆ ಕಿತಾಬ್-ಎ-ನವ್‌ರಸ್ ಎಂದು ಹೆಸರು. ಅದರಲ್ಲಿ ಸರಸ್ವತಿಯ ಸ್ತುತಿಯಿದೆ, ಗಣಪತಿಯಿದ್ದಾನೆ, ಕಲಬುರಗಿಯ ಸೂಫಿ ಸಂತ ಬಂದೇನವಾಜರ ಮೇಲಿನ ಭಕ್ತಿಯೂ ಇದೆ. ಗಣಪತಿ ತನಗೆ ತಂದೆ, ಸರಸ್ವತಿ ತಾಯಿ ಎಂದು ಹೇಳಿಕೊಂಡ ಅರಸ ಇವನು. ಆನೆ ಆತಶ್ ಖಾನನ ಮೇಲೆ ಹಾಡಿದ್ದಾನೆ. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು ಅದರ ಮೇಲೂ ಹಾಡಿದ್ದಾನೆ! ಮಡಿಲಲ್ಲಿ ತಂಬೂರಿ ಇಟ್ಟುಕೊಂಡು ಶ್ರುತಿ ಹಿಡಿದವರಿಗೆ ಆ ಅಕ್ಕರೆ ಎಂಥದ್ದೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಜನ ಅವನನ್ನು ಜಗದ್ಗುರು ಅಂದರು. ಇತಿಹಾಸಕಾರ ಫೆರಿಶ್ತಾ ತನ್ನ ಗ್ರಂಥ ಬರೆದದ್ದು ಇವನ ಆಶ್ರಯದಲ್ಲಿ. ಪಾರ್ಸಿ ಕವಿ ಜುಹೂರಿ, ಚಿತ್ರಕಾರ ಫರ್ರುಖ್ ಹುಸೇನ್ ಎಲ್ಲರೂ ಇಲ್ಲೇ, ನಮ್ಮ ಈ ಊರಿನಲ್ಲೇ ಇದ್ದರು.

ನಾನು ಹಾಡು ಕಲಿತದ್ದೂ ಇದೇ ಊರಿನಲ್ಲಿ, ನಿಮಗೆ ಗೊತ್ತು. ಕಲಿತಷ್ಟು ಕಾಲವೂ ಒಬ್ಬರ ಬಾಯಲ್ಲಿ ಈ ಹೆಸರು ಬರಲಿಲ್ಲ. ತಾನಸೇನನ ಕಥೆ ಕೇಳಿದೆ, ಅಕ್ಬರನ ದರ್ಬಾರಿನ ಕಥೆ ಕೇಳಿದೆ. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ರಾಗದ ಹುಚ್ಚು ಹಿಡಿದ ಅರಸನೊಬ್ಬ ಮಲಗಿದ್ದಾನೆ ಎಂದು ಯಾರೂ ಹೇಳಲಿಲ್ಲ. ಆ ನೋವು ಈಗಲೂ ಹೋಗಿಲ್ಲ. ಬೆಳಿಗ್ಗೆ ಆ ಹುಡುಗಿಗೆ ಸಿಕ್ಕ ಉತ್ತರ ಕೇಳಿ ಅಷ್ಟು ಉರಿದದ್ದೂ ಅದಕ್ಕೇ.

ಊರ ಪಕ್ಕದ ತೊರವಿಗೆ ಹೋಗಿದ್ದೀರಾ? ಕುಮಾರ ವಾಲ್ಮೀಕಿ ನರಸಿಂಹನ ಸನ್ನಿಧಿಯಲ್ಲಿ ಕನ್ನಡ ರಾಮಾಯಣ ಬರೆದ ತೊರವೆ. ಅದೇ ನೆಲದ ಹತ್ತಿರ 1599ರಲ್ಲಿ ಇಬ್ರಾಹಿಂ ನವರಸಪುರ ಎಂಬ ಹೊಸ ನಗರ ಕಟ್ಟಲು ಶುರು ಮಾಡಿದ. 1624ರಲ್ಲಿ ಅಹಮದ್‌ನಗರದ ಸೇನಾನಿ ಮಲಿಕ್ ಅಂಬರ್ ದಂಡೆತ್ತಿ ಬಂದು ಅದನ್ನು ಹಾಳುಗೆಡವಿದ. ಅಲ್ಲಿನ ಸಂಗೀತ ಮಹಲಿನ ಕಮಾನು ಇಂದಿಗೂ ನಿಂತಿದೆ. ಊರಿಗೆ ನೀರು ತಂದ ನೆಲದಡಿಯ ಸುರಂಗದ ಬಾವಿಗಳೂ ಅದೇ ಕಡೆ ಇವೆ. ಕನ್ನಡದ ರಾಮಾಯಣ, ದಖನಿಯ ಹಾಡು, ಊರಿನ ನೀರು, ಮೂರೂ ಒಂದೇ ದಿಕ್ಕಿನಿಂದ ಬಂದಿವೆ. ನಮ್ಮ ಶಾಲಾ ಪ್ರವಾಸಗಳಿಗೆ ಅತ್ತ ದಾರಿಯೇ ಇಲ್ಲ.

ಕೆಳಗೆ ಏನು ಕಾಮೆಂಟ್ ಬರುತ್ತದೆ ಗೊತ್ತು: "ತಾಳಿಕೋಟೆ ಮರೆತ್ರೇನು ಅಕ್ಕಾರ?" ಮರೆತಿಲ್ಲ. ಆ ಯುದ್ಧ ನಡೆದದ್ದು 1565ರಲ್ಲಿ, ಇಬ್ರಾಹಿಂ ಆಗ ಹುಟ್ಟಿಯೇ ಇರಲಿಲ್ಲ. ಅವನೇನು ಸಂತನೂ ಅಲ್ಲ, 1619ರಲ್ಲಿ ಬೀದರನ್ನು ಗೆದ್ದು ತನ್ನ ರಾಜ್ಯಕ್ಕೆ ಸೇರಿಸಿಕೊಂಡ. ಆದರೆ ಯುದ್ಧ ಮಾಡದ ಅರಸರನ್ನಷ್ಟೇ ಓದುತ್ತೇವೆ ಅಂತ ಕೂತರೆ ಕದಂಬರಿಂದ ಈಚೆಗೆ ಯಾರನ್ನು ಓದುತ್ತೀರಿ? ಪುಲಕೇಶಿಯನ್ನು ಯುದ್ಧಕ್ಕಾಗಿಯೇ ಹೊಗಳುವವರು ಇವನ ಹಾಡಿನ ಮಾತು ಬಂದ ಕೂಡಲೇ ಯುದ್ಧದ ಲೆಕ್ಕ ಕೇಳುವುದು ನ್ಯಾಯವಲ್ಲ.

"ಅವನು ಒಳಗೊಳಗೆ ಹಿಂದೂನೇ ಆಗಿದ್ದ" ಅನ್ನುವ ಗೆಳೆಯರ ಮೇಲೂ ನನಗೆ ಅಷ್ಟೇ ಸಿಟ್ಟಿದೆ. ರೋಜಾಕ್ಕೆ ಹೋಗಿ ನೋಡಿ. ಮಲಿಕ್ ಸಂದಲ್ ಕಟ್ಟಿದ್ದು, ಮೊದಲು ರಾಣಿ ತಾಜ್ ಸುಲ್ತಾನಳಿಗಾಗಿ. ಒಂದೇ ಜಗಲಿಯ ಮೇಲೆ ಗೋರಿ ಒಂದು ಕಡೆ, ಎದುರಿಗೆ ಮಸೀದಿ. ಗೋಡೆ ತುಂಬ ಕುರಾನಿನ ಸಾಲುಗಳು. ಕಿಟಕಿಯ ಜಾಲಿಯನ್ನೇ ಅಕ್ಷರಗಳಾಗಿ ಕೊರೆದಿದ್ದಾರೆ, ಬೆಳಕು ಆ ಅಕ್ಷರಗಳ ಸಂದಿಯಿಂದ ಒಳಗೆ ಬರುತ್ತದೆ. ಅವನು ಮುಸಲ್ಮಾನ, ಮುಸಲ್ಮಾನನಾಗಿಯೇ ಸರಸ್ವತಿಯನ್ನು ಹಾಡಿದ. ಅರ್ಧ ಕತ್ತರಿಸಿ ಯಾರ ಪಾಲಿಗೂ ಹಂಚಬೇಡಿ.

ಮೇಷ್ಟ್ರುಗಳೇ, ಟೀಚರಮ್ಮಗಳೇ, ನನ್ನ ಗೆಳೆಯರ ಪಟ್ಟಿಯಲ್ಲಿ ನೀವು ಬಹಳ ಜನ ಇದ್ದೀರಿ. ಈ ಸಲದ ಪ್ರವಾಸದಲ್ಲಿ ರೋಜಾಕ್ಕೆ ಒಂದು ತಾಸು ಇಡಿ. ಬರುವ ದಿನ ಮೊದಲೇ ತಿಳಿಸಿದರೆ ನಾನೇ ಬರುತ್ತೇನೆ, ತಂಬೂರಿ ತರುತ್ತೇನೆ, ಮಸೀದಿಯ ಜಗಲಿಯಿಂದ ದೂರ, ಹೊರಗಿನ ಹುಲ್ಲಿನ ಮೇಲೆ ಕೂತು ಮಕ್ಕಳಿಗೆ ತೋಡಿ, ಮಲ್ಹಾರ ಹಾಡಿ ಇಬ್ರಾಹಿಮನ ಕಥೆ ಹೇಳುತ್ತೇನೆ. ದುಡ್ಡು ಬೇಡ. ಇನ್‌ಬಾಕ್ಸಿನಲ್ಲಿ ಬರೆಯಿರಿ.