ಬಾಸ್ ಹೇಳಬೇಕಾದ ಮಾತನ್ನ ಕೋಚ್ ಯಾಕೆ ಹೇಳಬೇಕು?

ನಾನು ಕೋಚ್. ಕಂಪನಿಗಳ ಮ್ಯಾನೇಜರುಗಳ ಜೊತೆ ಒಬ್ಬೊಬ್ಬರಾಗಿ ಕೂತು, ಕೆಲಸದಲ್ಲಿ ಅವರೇ ಸುಧಾರಿಸಿಕೊಳ್ಳೋಕೆ ನೆರವಾಗೋದು ನನ್ನ ಕೆಲಸ. ಮೊನ್ನೆ ಒಬ್ಬರು ಫೋನ್ ಮಾಡಿದ್ದರು. ದೊಡ್ಡ ಹುದ್ದೆಯವರು. ತಮ್ಮ ಕೈಕೆಳಗಿನ ಮ್ಯಾನೇಜರ್ ಒಬ್ಬರಿಗೆ ಕೋಚಿಂಗ್ ಮಾಡಿಸಬೇಕು ಅಂದರು. 6 ತಿಂಗಳು, 12 ಸೆಷನ್, ಫೀಸು, ಎಲ್ಲ ಐದು ನಿಮಿಷದಲ್ಲಿ ಮಾತಾಗಿ ಮುಗಿಯಿತು. ಆಮೇಲೆ ದನಿ ತಗ್ಗಿಸಿ, "ಇದು ನಿಮ್ಮಲ್ಲೇ ಇರಲಿ ಮೇಡಂ. ಇಷ್ಟಾದ್ರೂ ಸರಿಹೋಗ್ಲಿಲ್ಲ ಅಂದ್ರೆ ಅವರನ್ನ ಕಳಿಸಿಬಿಡೋದು ಅಂತಿದೀವಿ. ಅವರಿಗೆ ಮಾತ್ರ ಹೇಳ್ಬೇಡಿ" ಅಂದರು.

ನಾನು ಆ ಕೆಲಸ ಒಪ್ಪಿಕೊಳ್ಳಲಿಲ್ಲ. ಒಪ್ಪಿದ್ದರೆ ಅಷ್ಟೂ ಸೆಷನ್ನಿನಲ್ಲಿ ಆ ಮನುಷ್ಯನ ಎದುರು ಕೂತು, ಅವರ ಅನ್ನದ ವಿಷಯವನ್ನೇ ಹೊಟ್ಟೆಯೊಳಗೆ ಬಚ್ಚಿಟ್ಟುಕೊಂಡು, "ನಿಮಗೆ ಏನು ಸಾಧಿಸಬೇಕು ಅಂತಿದೆ?" ಎಂದು ನಗುನಗುತ್ತಾ ಕೇಳಬೇಕಿತ್ತು. ಅದು ಕೋಚಿಂಗ್ ಅಲ್ಲ, ನಾಟಕ.

ಕೋಚಿಂಗ್ ಅಂದಕೂಡಲೇ ಎಲ್ಲರೂ ಗುಟ್ಟಿನ ಮಾತಾಡುತ್ತಾರೆ. ಗುಟ್ಟು ಬೇಕು, ಇಲ್ಲ ಅನ್ನಲ್ಲ. ಆದರೆ ಗುಟ್ಟಾಗಿರಬೇಕಾದ್ದು ಸೆಷನ್ನಿನಲ್ಲಿ ಆಡಿದ ಮಾತು. ಕೋಚಿಂಗ್ ಯಾಕೆ ಮಾಡಿಸುತ್ತಿದ್ದೇವೆ ಅನ್ನೋದು ಗುಟ್ಟಾಗಿರಬಾರದು. ಬಹಳ ಕಡೆ ಇದು ಪೂರ್ತಿ ಉಲ್ಟಾ ನಡೆಯುತ್ತದೆ. ಕಾರಣ ಮುಚ್ಚಿಡುತ್ತಾರೆ, ಒಳಗೆ ಏನು ಮಾತಾಯಿತು ಅಂತ ಮಾತ್ರ ಕೆದಕಿ ಕೆದಕಿ ಕೇಳುತ್ತಾರೆ.

ಇದರಲ್ಲಿ ನಾನೂ ತಪ್ಪಿತಸ್ಥಳೇ. ಕೋಚ್ ಆಗೋಕೆ ಮುಂಚೆ ಎಚ್‌ಆರ್‌ನಲ್ಲಿದ್ದೆ. ಹೊರಗಿನಿಂದ ಕೋಚ್ ಕರೆಸಿ, ಎರಡು ಸೆಷನ್ ಆಗೋದನ್ನೇ ಕಾಯುತ್ತಿದ್ದು ಫೋನ್ ಮಾಡಿದೆ. "ಹೇಗಿದಾರೆ ನಮ್ಮೋರು? ಏನಾದ್ರೂ ಬಾಯಿ ಬಿಟ್ರಾ?" ನಿಜವಾಗಿಯೂ ಹೀಗೇ ಕೇಳಿದ್ದೆ! ಆ ಕೋಚ್, "ಎರಡೂ ಸಲ ಟೈಮಿಗೆ ಸರಿಯಾಗಿ ಬಂದಿದ್ರು. ಉಳಿದದ್ದನ್ನ ಅವರನ್ನೇ ಕೇಳಿ ಮೇಡಂ" ಅಂದುಬಿಟ್ಟರು. ಸಿಟ್ಟು ಬಂತು. ದುಡ್ಡು ಕೊಡೋರು ನಾವು, ಇವರದೇನು ಇಷ್ಟು ಬಿಗುಮಾನ ಅಂದುಕೊಂಡೆ. ಆ ಉತ್ತರದ ಬೆಲೆ ನನಗೆ ಗೊತ್ತಾಗಿದ್ದು ಕುರ್ಚಿ ಬದಲಾದ ಮೇಲೆ.

ಇದೇನೂ ಹೊಸ ತಲೆನೋವಲ್ಲ. ಫನಿಟಾ ಇಂಗ್ಲಿಷ್ ಎನ್ನುವ ಮನೋಚಿಕಿತ್ಸಕಿ 1975ರಲ್ಲೇ ಈ ಮೂರು ಮೂಲೆಯ ಒಪ್ಪಂದದ ಬಗ್ಗೆ ಬರೆದಿದ್ದರು. ಕಲಿಸುವವರು, ಕಲಿಯುವವರು, ಇಬ್ಬರನ್ನೂ ಕರೆಸಿದ ಸಂಸ್ಥೆ. ಇವರಲ್ಲಿ ಇಬ್ಬರು ಒಳಗೊಳಗೇ ಒಂದಾದರೆ ಮೂರನೆಯವರು ಹೊರಗೆ ಬಿದ್ದರು ಅಂತಲೇ ಲೆಕ್ಕ. ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್, ಅಂದರೆ 1995ರಲ್ಲಿ ಶುರುವಾದ ಐಸಿಎಫ್, ತನ್ನ ನೀತಿಸಂಹಿತೆಯಲ್ಲಿ ಕ್ಲೈಂಟ್ ಬೇರೆ, ಸ್ಪಾನ್ಸರ್ ಬೇರೆ ಅಂತ ಸ್ಪಷ್ಟವಾಗಿ ಹೇಳುತ್ತದೆ. ಕೋಚಿಂಗ್ ಪಡೆಯುವವರು ಕ್ಲೈಂಟ್. ದುಡ್ಡು ಕೊಡುವವರು, ಏರ್ಪಾಡು ಮಾಡುವವರು ಸ್ಪಾನ್ಸರ್. ಯಾವ ಮಾಹಿತಿ ಯಾರಿಗೆ ಹೋಗುತ್ತದೆ ಅನ್ನೋದನ್ನ ಮೊದಲೇ ಮೂವರೂ ಒಪ್ಪಿಕೊಂಡಿರಬೇಕು. ಕಾಗದದ ಮೇಲೆ ಎಲ್ಲ ಚೆನ್ನಾಗಿದೆ. ತೊಡಕು ಇರುವುದು ಆ ಮೊದಲನೇ ಮೀಟಿಂಗಿನಲ್ಲಿ.

ಒಂದು ಮೀಟಿಂಗ್ ನೆನಪಿದೆ. ಬಾಸ್, ಕ್ಲೈಂಟ್, ನಾನು. ಕೋಚಿಂಗಿನ ಗುರಿ ಬರೆಯುವ ಗೋಲ್ ಶೀಟಿನಲ್ಲಿ ಒಂದೇ ಸಾಲು, "ಎಕ್ಸಿಕ್ಯೂಟಿವ್ ಪ್ರೆಸೆನ್ಸ್ ಹೆಚ್ಚಿಸಿಕೊಳ್ಳುವುದು". ಹಾಗಂದರೆ ಏನು ಅಂತ ಬಾಸನ್ನೇ ಕೇಳಿದೆ. "ಅದೇ ಮೇಡಂ, ಲೀಡರ್ ಥರ ಕಾಣ್ಬೇಕು." ಕಂಡರೆ ಏನು ಕಾಣುತ್ತೆ ಸರ್? "ಸ್ವಲ್ಪ ಗಾಂಭೀರ್ಯ..." ಅಂತ ಎಳೆದರು. ನಾನು ಸುಮ್ಮನೆ ಕೂತೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನೋ ಥರದ ಮಾತು ಇನ್ನೂ ಎರಡು ಮೂರು ಬಂತು. ಕೊನೆಗೆ ಅವರು ಶೀಟನ್ನ ಪಕ್ಕಕ್ಕೆ ಸರಿಸಿ, ಕ್ಲೈಂಟ್ ಕಡೆ ತಿರುಗಿ, "ನೋಡಿ, ಬೇರೆಯವರು ಎರಡನೇ ವಾಕ್ಯ ಶುರು ಮಾಡೋಷ್ಟರಲ್ಲಿ ನೀವು ಬಾಯಿ ಹಾಕ್ತೀರ. ಫೈನಾನ್ಸ್‌ನೋರು ನಿಮ್ಮ ಮೀಟಿಂಗಿಗೆ ಬರೋದನ್ನೇ ನಿಲ್ಲಿಸಿದಾರೆ, ಬರೀ ಇಮೇಲ್ ಕಳಿಸ್ತಾರೆ" ಅಂದರು.

ಅಲ್ಲಿವರೆಗೂ ನೋಟ್ಸ್ ಬರೆದುಕೊಳ್ಳುತ್ತಿದ್ದ ಕ್ಲೈಂಟ್ ಪೆನ್ನಿನ ಕ್ಯಾಪ್ ಮುಚ್ಚಿದರು. "ಎರಡು ಅಪ್ರೈಸಲ್ ಆಯ್ತಲ್ಲ ಸರ್, ಇದನ್ನ ಯಾಕೆ ಹೇಳ್ಲಿಲ್ಲ?"

ಬಾಸ್ ಹತ್ತಿರ ಉತ್ತರ ಇರಲಿಲ್ಲ. ಆದರೆ ನಿಜವಾದ ಕೆಲಸ ಶುರುವಾಗಿದ್ದು ಅಲ್ಲಿಂದಲೇ. ಯಾಕಂದರೆ ಕ್ಲೈಂಟ್ ಮುಂದುವರೆಸಿ, "ನೀವೇ ಪ್ರತಿ ಮೀಟಿಂಗಲ್ಲೂ ಬೇಗ ಹೇಳಿ, ಬೇಗ ಹೇಳಿ ಅಂತೀರಲ್ಲ ಸರ್" ಅಂದರು. ಹೌದಲ್ವಾ! ಮೇಲಿನವರು ಅವಸರ ಮಾಡಿದರೆ ಕೆಳಗಿನವರು ಮಾತು ಕತ್ತರಿಸದೆ ಇನ್ನೇನು ಮಾಡುತ್ತಾರೆ? ಶೀಟಿನಲ್ಲಿ ಎರಡು ಸಾಲು ಬರೆದೆವು. ಒಂದು ಕ್ಲೈಂಟ್ ಮಾಡಬೇಕಾದ್ದು, ಇನ್ನೊಂದು ಬಾಸ್ ಮಾಡಬೇಕಾದ್ದು. ಸ್ಪಾನ್ಸರ್ ಅಂದರೆ ಬಿಲ್ಲಿಗೆ ಸಹಿ ಹಾಕುವವರು ಅಷ್ಟೇ ಅಂತ ನಂಬಿದವರಿಗೆ ಈ ಎರಡನೇ ಸಾಲು ಯಾವತ್ತೂ ಇಷ್ಟವಾಗಲ್ಲ.

ಬಾಸುಗಳನ್ನೇ ಬೈದರೆ ಸಾಲದು. ಕೋಚನ್ನ ತಮ್ಮ ವಕೀಲರನ್ನಾಗಿ ಮಾಡಿಕೊಳ್ಳಲು ನೋಡುವ ಕ್ಲೈಂಟುಗಳೂ ಕಮ್ಮಿ ಇಲ್ಲ. "ನೀವೇ ಒಂದು ಮಾತು ಹೇಳಿ ಮೇಡಂ, ನಿಮ್ಮ ಮಾತು ಕೇಳ್ತಾರೆ." ಹೇಳಿದರೆ ಮುಗಿಯಿತು, ಅವರು ತಾವೇ ಬಾಸ್ ಹತ್ತಿರ ಮಾತಾಡೋದನ್ನ ಕಲಿಯಲ್ಲ. ಇನ್ನು ನಮ್ಮವರ ವಿಷಯ. ಮುಂದಿನ ಕಾಂಟ್ರ್ಯಾಕ್ಟ್ ಕೈತಪ್ಪಬಾರದು ಅಂತ ಸ್ಪಾನ್ಸರ್ ಕಿವಿಗೆ ಅಷ್ಟಿಷ್ಟು ಊದುವ ಕೋಚುಗಳೂ ಇದ್ದಾರೆ. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬರೆಯಲ್ಲ.

ಹಾಗಾದರೆ ದುಡ್ಡು ಕೊಟ್ಟವರಿಗೆ ಏನು ಸಿಗಬೇಕು? ಎಷ್ಟು ಸೆಷನ್ ಆಯಿತು ಅನ್ನೋದು ನನ್ನಿಂದ. ಕಲಿತದ್ದು ಏನು ಅನ್ನೋದು ಕ್ಲೈಂಟ್ ಬಾಯಿಂದ, ಮೂವರೂ ಕೂತಾಗ. ಬದಲಾವಣೆ ಆಯಿತಾ ಅನ್ನೋದು ಜೊತೆಗೆ ಕೆಲಸ ಮಾಡುವವರಿಂದ. ಮಾರ್ಷಲ್ ಗೋಲ್ಡ್‌ಸ್ಮಿತ್ ಅನ್ನೋ ಹೆಸರಾಂತ ಕೋಚ್, ಸುತ್ತಲಿನವರು ಸುಧಾರಣೆ ಕಂಡಿದ್ದೇವೆ ಅಂದರೆ ಮಾತ್ರ ಫೀಸು ತಗೊಳ್ಳುವ ಪದ್ಧತಿ ಇಟ್ಟುಕೊಂಡವರು. ನನಗಿನ್ನೂ ಅಷ್ಟು ಧೈರ್ಯ ಬಂದಿಲ್ಲ ಬಿಡಿ. ಆದರೆ ಅವರು ಕೇಳುವ ಜಾಗ ಸರಿಯಾಗಿದೆ. ಮೇಲಿನವರು, ಜೊತೆಯವರು, ಕೈಕೆಳಗಿನವರು ಎಲ್ಲರ ಅಭಿಪ್ರಾಯ ಕೇಳುವ 360 ಡಿಗ್ರಿ ಫೀಡ್‌ಬ್ಯಾಕ್ ಮಾಡಿಸಿದರೆ ಆ ರಿಪೋರ್ಟ್ ಯಾರ ಕೈಗೆ ಹೋಗುತ್ತದೆ ಅನ್ನೋದನ್ನೂ ಮೊದಲೇ ಹೇಳಿಬಿಡಬೇಕು. ಕಾನೂನು ಕೇಳಿದರೆ, ಅಥವಾ ಯಾರದಾದರೂ ಜೀವಕ್ಕೆ ಅಪಾಯ ಇದೆ ಅನಿಸಿದರೆ ನಾನು ಬಾಯಿ ಬಿಡಬೇಕಾಗುತ್ತದೆ. ಇದನ್ನೂ ಮೊದಲ ದಿನವೇ ಹೇಳುತ್ತೇನೆ.

ಆ ಫೋನ್ ಮಾಡಿದವರಿಗೆ ಒಂದು ಮಾತು ಹೇಳಿ ಇಟ್ಟಿದ್ದೆ, ಕೆಲಸದ ಮೇಲೆ ಕತ್ತಿ ತೂಗುತ್ತಿದೆ ಅನ್ನೋದನ್ನ ನೀವೇ ಅವರಿಗೆ ಹೇಳಿ, ಆಮೇಲೂ ಅವರಿಗೆ ಕೋಚಿಂಗ್ ಬೇಕು ಅನಿಸಿದರೆ ಮೂವರೂ ಕೂರೋಣ ಅಂತ. ನಿನ್ನೆ ಮೆಸೇಜ್ ಬಂತು. "ಹೇಳಿದೆ. ಕೂರೋಣ. 15 ನಿಮಿಷ ಸಾಕಲ್ವಾ?"

ಒಂದು ಗಂಟೆ ಬೇಕು ಸರ್ ಅಂತ ಬರೆದಿದ್ದೇನೆ. ನೀಲಿ ಟಿಕ್ ಬಂದಿದೆ, ಉತ್ತರ ಇನ್ನೂ ಬಂದಿಲ್ಲ.