ಪಿಕಪ್ ಇಲ್ಲದ ಊರಿನ ಮಹಾರಾಜರು

ಪುನಃ ಅದೇ ಸುದ್ದಿ. ಮೊಬೈಲ್ ಆರ್ಡರ್ ಮಾಡಿದವನಿಗೆ ಸೋಪು ಬಂತಂತೆ. ಇದು ಈಗ ಸುದ್ದಿಯೂ ಅಲ್ಲ ಬಿಡಿ, ಸೋಪಾದ್ರೂ ಬಂತಲ್ಲ, ಮೈ ತೊಳೀಬಹುದು. ಮಜಾ ಇರುವುದು ಸೋಪಿನ ನಂತರ, ರಿಟರ್ನ್ ಅಂತ ಹೊರಟಾಗ.

ನಮ್ಮ ಕಾಸರಗೋಡಿನ ಕಡೆ ಒಂದು ಪವಾಡ ಉಂಟು. ಮಿಕ್ಸಿ ಆರ್ಡರ್ ಮಾಡಿದ್ರೆ ಅದು ಬದಿಯಡ್ಕ ದಾಟಿ, ಪೆರ್ಲ ದಾಟಿ, ತೋಟದ ಸಂಕ ದಾಟಿ ಸೀದಾ ಜಗಲಿಗೇ ಬರ್ತದೆ. ಅದೇ ಮಿಕ್ಸಿ ತಿರುಗುವುದಿಲ್ಲ, ವಾಪಸ್ ತಗೊಳ್ಳಿ ಅಂದ್ರೆ ಆ್ಯಪ್ ಹೇಳ್ತದೆ, ನಿಮ್ಮ ಪಿನ್‌ಕೋಡಲ್ಲಿ ಪಿಕಪ್ ಇಲ್ಲ, ನೀವೇ ಕೊರಿಯರ್ ಮಾಡಿ. 671ರಿಂದ ಶುರುವಾಗುವ ಪಿನ್‌ಕೋಡು ಬರುವಾಗ ಕಣ್ಣಿಗೆ ಬಿದ್ದಿತ್ತು, ಹೋಗುವಾಗ ಮಾಯ. ರಸ್ತೆ ಅದೇ, ಬೈಕು ಅದೇ, ಹುಡುಗನೂ ಅವನೇ ಮಾರಾಯ್ರೆ.

ಕಸ್ಟಮರ್ ಕೇರಿಗೆ ಫೋನ್ ಮಾಡಿ ನೋಡಿ. ಮೊದಲು ಹಿಂದಿ, ಆಮೇಲೆ ಕೇರಳದವರಲ್ವಾ ಅಂತ ಮಲಯಾಳ, ಹಟ ಹಿಡಿದು ಕನ್ನಡ ಒತ್ತಿದ್ರೆ ಸಿಗುವವಳು ಕೇಳುವ ಮೊದಲ ಪ್ರಶ್ನೆ, "ಕರ್ನಾಟಕದಲ್ಲಿ ಎಲ್ಲಿ ಸರ್?" ಅಮ್ಮಾ ತಾಯೀ, 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಲ್ಲಿಂದ ನಾವೂ ಅದನ್ನೇ ಕೇಳ್ತಾ ಇದ್ದೇವೆ, ನಿನ್ನ ಸಿಸ್ಟಮಲ್ಲಿ ಉತ್ತರ ಇದ್ರೆ ಸ್ವಲ್ಪ ಹೇಳು, ಮಿಕ್ಸಿ ವಿಷಯ ಆಮೇಲೆ ನೋಡುವ.

ಗ್ರಾಹಕನೇ ರಾಜ ಅಂತ ಬೋರ್ಡು ಬೇರೆ. ಇರಬಹುದು, ಕುಂಬಳೆ ಸೀಮೆಯ ಅರಸರೂ ರಾಜ್ಯ ಹೋದ ಮೇಲೆ ಮಾಯಿಪ್ಪಾಡಿ ಅರಮನೆಯಲ್ಲಿ ರಾಜರೇ ಆಗಿದ್ರು. ಆದ್ರೆ ಬಂದ ಕಪ್ಪಕಾಣಿಕೆ ಬಿಚ್ಚುವಾಗ ಎಡಿಟ್ ಮಾಡದ ವಿಡಿಯೋ ಉಂಟಾ ಅಂತ ಅವರನ್ನು ಯಾರೂ ಕೇಳಿರ್ಲಿಕ್ಕಿಲ್ಲ. ನಮ್ಮನ್ನು ಕೇಳ್ತಾರೆ. ಆಟಿ ತಿಂಗಳ ಮಳೆ, ಕರೆಂಟಿಲ್ಲ, ಅಜ್ಜಿ ಟಾರ್ಚ್ ಹಿಡಿದು, ಮೊಮ್ಮಗ ಮೊಬೈಲ್ ಹಿಡಿದು, ಸೊಸೆ ಕತ್ತಿಯಲ್ಲಿ ಟೇಪು ಕುಯ್ದು, ಆರು ಕಡೆಯಿಂದಲೂ ಲೇಬಲ್ ತೋರಿಸಿ! ನಮ್ಮಲ್ಲಿ ಮದುವೆಗೂ ಇಷ್ಟು ಕಾಳಜಿಯಿಂದ ವಿಡಿಯೋ ತೆಗೆಯುವುದಿಲ್ಲ. ತೆಗೆದದ್ದನ್ನು ಕಳಿಸಿದ್ರೆ, "ಸ್ಪಷ್ಟವಾಗಿಲ್ಲ".

ಆನ್‌ಲೈನ್ ವ್ಯಾಪಾರಕ್ಕೆ ಸರಕಾರ ಮಾಡಿದ 2020ರ ಇ-ಕಾಮರ್ಸ್ ನಿಯಮದಲ್ಲಿ ಈ ವಿಡಿಯೋದ ಮಾತೇ ಇಲ್ಲ. ಹಾಳಾದ ಸಾಮಾನು, ನಕಲಿ ಸಾಮಾನು, ಜಾಹೀರಾತಲ್ಲಿ ತೋರಿಸಿದ ಹಾಗೆ ಇಲ್ಲದ ಸಾಮಾನು ಇದ್ರೆ ಮಾರಿದವ ವಾಪಸ್ ತಗೊಳ್ಳಿಕ್ಕೂ ದುಡ್ಡು ಕೊಡ್ಲಿಕ್ಕೂ ಇಲ್ಲ ಅನ್ನುವ ಹಾಗಿಲ್ಲ ಅಂತ ಅದರಲ್ಲಿ ಬರೆದುಂಟು. ದೂರು ಸಿಕ್ಕಿದ್ದನ್ನು 48 ಗಂಟೆಯೊಳಗೆ ತಿಳಿಸ್ಬೇಕು, ಒಂದು ತಿಂಗಳಲ್ಲಿ ಬಗೆಹರಿಸ್ಬೇಕು, ಅದಕ್ಕೊಬ್ಬ ಅಧಿಕಾರಿ ಇರ್ಬೇಕು. ಅಧಿಕಾರಿ ಇರ್ತಾರೆ, ಆ್ಯಪಿನ ತಳದಲ್ಲಿ, ಇರುವೆ ಅಕ್ಷರದಲ್ಲಿ. "ಬಯ್ ನೌ" ಮಾತ್ರ ಹಳದಿ ಬಣ್ಣದಲ್ಲಿ ಹೆಬ್ಬೆರಳಿನ ಅಡಿಗೇ ಬಂದು ಕೂತಿರ್ತದೆ.

ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಅಂತೀರಿ, ಮಾಡಿ. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗ್ಬಹುದು, ಕಂಪನಿ ಎಲ್ಲೇ ಇರ್ಲಿ ಕೇಸು ನಮ್ಮ ಜಿಲ್ಲೆಯಲ್ಲೇ ಹಾಕ್ಬಹುದು, ಎರಡು ವರ್ಷ ಟೈಮುಂಟು, 5 ಲಕ್ಷದವರೆಗೆ ಫೀಸೂ ಇಲ್ಲ. ಒಳ್ಳೆ ಕಾನೂನೇ. ಆದ್ರೆ 1800 ರೂಪಾಯಿಯ ಮಿಕ್ಸಿಗೆ ಅಡಿಕೆ ಸುಲಿಯುವ ಹೆಂಗಸು ಕೂಲಿ ಬಿಟ್ಟು, ಕಾಗದ ಬರೆಸಿಕೊಂಡು, ಎಷ್ಟು ಸಲ ಬಸ್ಸು ಹತ್ತುವುದು? ಹತ್ತುವುದಿಲ್ಲ ಅಂತ ಕಂಪನಿಯವರಿಗೆ ಚೆನ್ನಾಗಿ ಗೊತ್ತುಂಟು. ಪಿಕಪ್ ಇಲ್ಲ ಅನ್ನುವುದು ತೊಂದರೆಯೂ ಅಲ್ಲ ಎಂತದೂ ಅಲ್ಲ, ವ್ಯಾಪಾರವೇ ಅದು. ನಾವು ಸುಸ್ತಾಗಿ ಬಿಡುವುದರಲ್ಲೇ ಅವರ ಲಾಭ ಇರುವುದು, ಹಗಲು ದರೋಡೆ ಅನ್ಲಿಕ್ಕೂ ಬೇಜಾರು ಬಂದು ಹೋಗಿದೆ.

ಹಾಗಂತ ಬರಿಗೈಯಲ್ಲಿ ಕಳಿಸುವವರಲ್ಲ ಪಾಪ. ಕೊನೆಗೆ ಕ್ಷಮೆ ಕೇಳಿ 100 ರೂಪಾಯಿಯ ಕೂಪನ್ ಕೊಡ್ತಾರೆ. 999ರ ಮೇಲೆ ಖರೀದಿ ಮಾಡಿದ್ರೆ ಮಾತ್ರ ನಡೀತದೆ, ಭಾನುವಾರದೊಳಗೆ.