ಒಂದು ವಾರದ ಧನ್ವಂತರಿಗಳು

ಅಮೆರಿಕದ ಕಾಲೇಜುಗಳಿಗೆ ರಜೆ ಬಿಟ್ಟಿದೆ. ಅಂದಮೇಲೆ ಮಧ್ಯ ಅಮೆರಿಕದ ಗ್ವಾಟೆಮಾಲ, ಹೊಂಡುರಾಸ್ ಹಳ್ಳಿಗಳಿಗೆ, ದುಡ್ಡು ಕಟ್ಟಿ ಒಂದು ವಾರದ ಆರೋಗ್ಯ ಶಿಬಿರ ನಡೆಸುವ ಧನ್ವಂತರಿಗಳು ಇಳಿಯುವ ಕಾಲವೂ ಬಂತು. ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೂ ಒಂದು ಫೋಟೋ ಬಂದು ಬಿದ್ದಿದೆ. ನ್ಯೂಜೆರ್ಸಿಯ ನೆಂಟರ ಮಗಳು, ಕೊರಳಲ್ಲಿ ಹೊಸ ಸ್ಟೆತಸ್ಕೋಪು, ತೊಡೆಯ ಮೇಲೆ ಯಾರದೋ ಮಗು. ಕೆಳಗೆ ಅವರಮ್ಮನ ಒಕ್ಕಣೆ: "ನಮ್ಮ ಪುಟ್ಟಿ, ಬಡವರ ಸೇವೆಯಲ್ಲಿ." ಅದರ ಕೆಳಗೆ ಕೈಮುಗಿಯುವ ಇಮೋಜಿಗಳ ಮೆರವಣಿಗೆ. ಮಗು ಮಾತ್ರ ಕ್ಯಾಮೆರಾ ನೋಡುತ್ತಿಲ್ಲ. ಸ್ಟೆತಸ್ಕೋಪಿನ ಕೊಳವೆಯನ್ನು ಬಾಯಿಗೆ ಹಾಕಿಕೊಳ್ಳುವುದರಲ್ಲಿ ಮುಳುಗಿದೆ. ತಾನು ಏನು ಮಾಡುತ್ತಿದ್ದೇನೆ ಅಂತ ಆ ಫೋಟೋದಲ್ಲಿ ಸರಿಯಾಗಿ ಗೊತ್ತಿರುವುದು ಅದೊಂದಕ್ಕೇ.

ಪುಟ್ಟಿ ಇನ್ನೂ ಡಾಕ್ಟರ್ ಅಲ್ಲ. ಮೆಡಿಕಲ್ ಸೀಟೂ ಸಿಕ್ಕಿಲ್ಲ. ಅಲ್ಲಿ ನಾಲ್ಕು ವರ್ಷದ ಡಿಗ್ರಿ ಮುಗಿಸಿ ಆಮೇಲೆ ಮೆಡಿಕಲ್ ಸೇರಬೇಕು. ಅಲ್ಲಿಯವರೆಗೆ ಅವರು ಪ್ರೀ-ಮೆಡ್. ನಮ್ಮ ಲೆಕ್ಕದಲ್ಲಿ ಬಿಎಸ್ಸಿ. ನ್ಯೂಜೆರ್ಸಿಯಲ್ಲಿ ಅವಳು ಪಕ್ಕದ ಮನೆಯವರಿಗೆ ಹೊಲಿಗೆ ಹಾಕಲು ಹೋದರೆ ವಕೀಲರು ಬಾಗಿಲಿಗೆ ಬರುತ್ತಾರೆ. ಕೆಲವು ಗಂಟೆ ವಿಮಾನದಲ್ಲಿ ಕೂತು ದಕ್ಷಿಣಕ್ಕೆ ಹೋದರೆ ಅದೇ ಹೊಲಿಗೆ ಸೇವೆಯಾಗುತ್ತದೆ. ಗಾಯ ಅದೇ, ಸೂಜಿ ಅದೇ. ಚರ್ಮದ ಬೆಲೆ ಬೇರೆ.

ಶಿಬಿರ ನಡೆಯುವ ರೀತಿ ನೋಡಿ. ಶಾಲೆಯ ಕೋಣೆ, ಜೋಡಿಸಿದ ಬೆಂಚು, ಒಂದೇ ಬಣ್ಣದ ಟೀ ಶರ್ಟು. ಗ್ವಾಟೆಮಾಲದ ಅಟಿಟ್ಲಾನ್ ಸರೋವರದ ಸುತ್ತಲಿನ ಎಷ್ಟೋ ಮನೆಗಳಲ್ಲಿ ಮಾತಾಡುವುದು ಸ್ಪ್ಯಾನಿಷ್ ಅಲ್ಲ. ತ್ಸುತುಹಿಲ್, ಕಾಕ್ಚಿಕೆಲ್, ಕಿಚೆ ಮುಂತಾದ ಮಾಯಾ ಭಾಷೆಗಳು. ಹಾಗಾಗಿ ಅಜ್ಜಿ ಹೇಳಿದ್ದನ್ನು ಮೊಮ್ಮಗ ಸ್ಪ್ಯಾನಿಷ್‌ಗೆ ತರುತ್ತಾನೆ, ದುಭಾಷಿ ಇಂಗ್ಲಿಷಿಗೆ ತರುತ್ತಾನೆ. ಅಜ್ಜಿ ಸೊಂಟ, ಸೌದೆ ಒಲೆ, ಕೆಲಸಕ್ಕೆ ಹೋಗಿ ವಾಪಸ್ ಬರದ ಮಗ, ರಾತ್ರಿ ಬಾರದ ನಿದ್ದೆ ಎಲ್ಲವನ್ನೂ ಕೈ ಆಡಿಸಿ ಹೇಳುತ್ತಾಳೆ. ಪುಟ್ಟಿಯ ಕಿವಿ ಮುಟ್ಟುವ ಹೊತ್ತಿಗೆ ಉಳಿಯುವುದು ಇಷ್ಟು: "ಬೆನ್ನು ನೋವಂತೆ." ಸರಿ, ಐಬುಪ್ರೊಫೆನ್. ಜೊತೆಗೆ ಒಂದು ಪೊಟ್ಟಣ ವಿಟಮಿನ್. ಮಕ್ಕಳಿಗೆ ಜಂತುಹುಳದ ಅಲ್ಬೆಂಡಜೋಲ್, 400 ಮಿಲಿಗ್ರಾಂ. ಹುಳ ಸಾಯುತ್ತದೆ, ಸುಳ್ಳಲ್ಲ. ಆದರೆ ಕುಡಿಯುವ ನೀರು, ಬಯಲಿಗೆ ಹೋಗುವುದು ಎರಡೂ ಹಾಗೇ ಇದ್ದರೆ ಕೆಲವೇ ತಿಂಗಳಲ್ಲಿ ಹುಳ ಮತ್ತೆ ಹಾಜರ್. ವಾಪಸ್ ಬರುವ ವಿಷಯದಲ್ಲಿ ಪುಟ್ಟಿಗಿಂತ ಹುಳಕ್ಕೇ ನಿಯತ್ತು ಜಾಸ್ತಿ.

ಅಜ್ಜಿಯ ಬಿಪಿ 170 ತೋರಿಸಿತು ಅನ್ನಿ. ಆಮ್ಲೋಡಿಪಿನ್ ಕೊಡುತ್ತಾರೆ, 30 ಮಾತ್ರೆ. ಬಿಪಿ ಮಾತ್ರೆ ಶುರು ಮಾಡಿದರೆ ಸಾಮಾನ್ಯವಾಗಿ ಬದುಕಿರುವಷ್ಟು ದಿನ ನುಂಗಬೇಕು ಅನ್ನುವುದು ನಮ್ಮ ಬೀದಿಯ ಮೆಡಿಕಲ್ ಶಾಪಿನ ಹುಡುಗನಿಗೂ ಗೊತ್ತು. 31ನೇ ದಿನ ಏನು? ಆ ದಿನ ಪುಟ್ಟಿ ಕ್ಲಾಸಿನಲ್ಲಿರುತ್ತಾಳೆ. ಯಾವ ಮಾತ್ರೆ, ಯಾಕೆ ಕೊಟ್ಟರು ಅಂತ ಊರಿನ ನರ್ಸಮ್ಮನಿಗೆ ಒಂದು ಚೀಟಿ ಬರೆದಿಟ್ಟು ಹೋಗಿದ್ದರೆ ಅಜ್ಜಿಯ ಪುಣ್ಯ. ಇಲ್ಲದಿದ್ದರೆ ಅವಳ ಬಿಪಿ ಮುಂದಿನ ರಜೆಯವರೆಗೆ ತಾಳ್ಮೆಯಿಂದ ಕಾಯಬೇಕು.

ಅಲ್ಲ, ಪುಟ್ಟಿ ಕೆಟ್ಟವಳಲ್ಲ. ಅಜ್ಜಿಗೋಸ್ಕರ ಅವಳ ಕಣ್ಣಲ್ಲಿ ನೀರು ಬಂದಿದ್ದೂ ನಿಜವೇ ಇರಬಹುದು. ಆದರೆ ಅರ್ಜಿ ಅಂತ ಒಂದಿದೆಯಲ್ಲ. ಅಮೆರಿಕದ ಮೆಡಿಕಲ್ ಕಾಲೇಜುಗಳ ಅರ್ಜಿಯಲ್ಲಿ ನೀವು ಬದುಕಿನಲ್ಲಿ ಮಾಡಿದ 15 ಘನಕಾರ್ಯಗಳನ್ನು ತುಂಬಬಹುದು. ಅದರಲ್ಲಿ ಮೂರನ್ನು 'ಅತ್ಯಂತ ಅರ್ಥಪೂರ್ಣ' ಅಂತ ಆರಿಸಿಕೊಂಡರೆ, ಒಂದೊಂದಕ್ಕೂ ಹೆಚ್ಚುವರಿ 1325 ಅಕ್ಷರ ಮಂಜೂರು. ಅಜ್ಜಿಗೆ 30 ಮಾತ್ರೆ, ಪುಟ್ಟಿಗೆ 1325 ಅಕ್ಷರ. ಆ ಅಕ್ಷರಗಳನ್ನು ಬೇಕಾದರೆ ನಾನೇ ಬರೆದುಕೊಡುತ್ತೇನೆ: "ಅವರ ಬಳಿ ಏನೂ ಇರಲಿಲ್ಲ, ಆದರೂ ನಗುತ್ತಿದ್ದರು. ನಾನು ಅವರಿಗೆ ಕೊಟ್ಟದ್ದಕ್ಕಿಂತ ಅವರಿಂದ ಪಡೆದದ್ದೇ ಹೆಚ್ಚು." ಎರಡನೇ ವಾಕ್ಯದಲ್ಲಿ ಎಳ್ಳಷ್ಟೂ ಸುಳ್ಳಿಲ್ಲ.

ತಮಾಷೆ ಏನು ಗೊತ್ತಾ? ಆ ಮೆಡಿಕಲ್ ಕಾಲೇಜುಗಳ ಸಂಘವೇ 2011ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ನಿಮ್ಮೂರಿನಲ್ಲಿ ಮಾಡಲು ಅರ್ಹತೆ ಇಲ್ಲದ ಚಿಕಿತ್ಸೆಯನ್ನು ಪರದೇಶದಲ್ಲಿ ಮಾಡಬೇಡಿ, ಮಾಡಿದರೆ ಅರ್ಜಿಗೇ ಏಟು ಬೀಳಬಹುದು ಅಂತ. ರೋಗಿಗೆ ಏಟು ಬೀಳುತ್ತದೆ ಅಂದಾಗ ಕೇಳದವರು ಇದನ್ನಾದರೂ ಕೇಳಬೇಕಿತ್ತು. ಯಾರು ಓದುತ್ತಾರೆ? ಟ್ರಿಪ್ ಮಾರುವ ಕಂಪನಿಗಳ ಬ್ರೋಷರಿನಲ್ಲಿ ಬಣ್ಣದ ಫೋಟೋ ಇರುತ್ತದೆ, ಮಾರ್ಗಸೂಚಿಯಲ್ಲಿ ಇರುವುದಿಲ್ಲ.

ಆ ಹಳ್ಳಿಗಳಲ್ಲಿ ಡಾಕ್ಟರೇ ಇಲ್ಲವೇನೋ, ಪಾಪ ಅಂದುಕೊಳ್ಳಬೇಡಿ. ಮೆಡಿಕಲ್ ಓದಿದವರು ಒಂದು ವರ್ಷ ಹಳ್ಳಿ ಕಡೆ ಸೇವೆ ಮಾಡಬೇಕು ಅನ್ನುವ ಪದ್ಧತಿಯನ್ನು ಮೆಕ್ಸಿಕೊ 1936ರಲ್ಲೇ ತಂದಿತು. ಹೊಂಡುರಾಸಿನಲ್ಲೂ ಅಂಥ ನಿಯಮ ಇದೆ. ಅಂದರೆ ಪುಟ್ಟಿಯ ವಯಸ್ಸಿಗಿಂತ ಸ್ವಲ್ಪ ದೊಡ್ಡವಳಾದ ಒಬ್ಬ ಹುಡುಗಿ ವರ್ಷವಿಡೀ ಅಲ್ಲೇ ಕೂತಿರುತ್ತಾಳೆ. ಭಾಷೆ ಗೊತ್ತು, ದಾರಿ ಗೊತ್ತು, ಯಾರ ಮನೆಯಲ್ಲಿ ಯಾರು ಬಸುರಿ ಅಂತ ಗೊತ್ತು. ಔಷಧಿ ಮಾತ್ರ ಸ್ಟಾಕ್ ಇಲ್ಲ. ಆಕೆಯ ಫೋಟೋ ಯಾವ ಗ್ರೂಪಿಗೂ ಬರುವುದಿಲ್ಲ.

ಕ್ಯೂಬಾದವರ ಕಥೆ ಇನ್ನೂ ಸ್ವಾರಸ್ಯ. 1998ರ ಕೊನೆಯಲ್ಲಿ ಮಿಚ್ ಚಂಡಮಾರುತ ಹೊಂಡುರಾಸನ್ನು ಮಣ್ಣುಪಾಲು ಮಾಡಿತು. ತನಗೇ ತಿನ್ನಲು ತತ್ವಾರ ಇದ್ದ ಕ್ಯೂಬಾ ತನ್ನ ಡಾಕ್ಟರುಗಳನ್ನು ಕಳಿಸಿತು. ಅಷ್ಟಕ್ಕೇ ಬಿಡದೆ 1999ರಲ್ಲಿ ಹವಾನಾದಲ್ಲಿ ಮೆಡಿಕಲ್ ಕಾಲೇಜು ತೆರೆದು, ಹೊಂಡುರಾಸಿನಂಥ ದೇಶಗಳ ಬಡ ಮಕ್ಕಳನ್ನೇ ಕರೆಸಿ ಪುಕ್ಕಟೆ ಓದಿಸಿತು. ಹಾಗೆ ಓದಿದ, ಹೊಂಡುರಾಸಿನ ಗರಿಫುನಾ ಜನಾಂಗದ ಡಾಕ್ಟರುಗಳು ವಾಪಸ್ ಹೋಗಿ, ಊರವರ ಜೊತೆ ಸೇರಿ ಸಿರಿಬೋಯಾ ಅನ್ನುವ ಹಳ್ಳಿಯಲ್ಲಿ ಆಸ್ಪತ್ರೆ ಕಟ್ಟಿದರು. ಕ್ಯೂಬಾದ ರಾಜಕೀಯ ಏನೇ ಇರಲಿ, ಬಂದ ಡಾಕ್ಟರ್ ವಾರಕ್ಕೇ ಬ್ಯಾಗ್ ಕಟ್ಟಲಿಲ್ಲ ಅಲ್ವಾ?

ಇಷ್ಟು ಹೊತ್ತು ನಗುತ್ತಾ ಬಂದೆ. ಉಗಾಂಡಾದ ಜಿಂಜಾ ಊರಿನ ಸುದ್ದಿಗೆ ಮಾತ್ರ ನಗು ಬರುವುದಿಲ್ಲ. ವರ್ಜೀನಿಯಾದ ರೆನೆ ಬಾಕ್ ಮೆಡಿಕಲ್ ವಿದ್ಯಾರ್ಥಿನಿ ಕೂಡ ಅಲ್ಲ. ಇಪ್ಪತ್ತರ ಆಸುಪಾಸಿನಲ್ಲಿ ಅಲ್ಲಿಗೆ ಹೋಗಿ ಅಪೌಷ್ಟಿಕ ಮಕ್ಕಳಿಗೆ ಕೇಂದ್ರ ತೆರೆದರು. 2010ರಿಂದ 2015ರ ನಡುವೆ ಅಲ್ಲಿ 105 ಮಕ್ಕಳು ಸತ್ತರು. ಆಕೆಯೇ ಚಿಕಿತ್ಸೆ ಕೊಡುತ್ತಿದ್ದರು ಅನ್ನುವ ಆರೋಪಕ್ಕೆ, ನಾನು ನರ್ಸುಗಳಿಗೆ ನೆರವಾಗುತ್ತಿದ್ದೆ ಅಷ್ಟೇ ಅಂದರು ಆಕೆ. 2019ರಲ್ಲಿ ಇಬ್ಬರು ತಾಯಂದಿರು ಕೋರ್ಟಿಗೆ ಹೋದರು. ಮರುವರ್ಷ ತಪ್ಪೊಪ್ಪಿಗೆ ಇಲ್ಲದೆ, ದುಡ್ಡಿನ ಪರಿಹಾರದೊಂದಿಗೆ ರಾಜಿಯಾಯಿತು. ಆಸ್ಪತ್ರೆಗೆ ಹೋಗಿದ್ದರೂ ಕೆಲವು ಮಕ್ಕಳು ಉಳಿಯುತ್ತಿರಲಿಲ್ಲ, ಗೊತ್ತು. ತೀರಾ ಸೊರಗಿದ ಮಗುವನ್ನು ಉಳಿಸುವುದು ಪಳಗಿದ ಡಾಕ್ಟರಿಗೂ ಕಷ್ಟ. ಕಷ್ಟ ಅಂತಲೇ ಅಲ್ಲವೇ ಅದಕ್ಕೆ ಅಷ್ಟು ವರ್ಷ ಓದುವುದು? ವರ್ಜೀನಿಯಾದ ಮಗುವಿನ ಹತ್ತಿರ ಓದದವರನ್ನು ಯಾರೂ ಬಿಡುತ್ತಿರಲಿಲ್ಲ. ಜಿಂಜಾದಲ್ಲಿ ಬಿಟ್ಟರು, ವರ್ಷಗಟ್ಟಲೆ ಬಿಟ್ಟರು, ದೇಣಿಗೆ ಬೇರೆ ಕೊಟ್ಟರು. ಛೆ, ಸಾಕು.

ನಮ್ಮ ಮನೆಯ ವಿಷಯಕ್ಕೆ ಬರೋಣ. ಕರ್ನಾಟಕ 2012ರಲ್ಲೇ ಕಡ್ಡಾಯ ಸೇವೆಯ ಕಾಯ್ದೆ ಮಾಡಿತು. ಮೆಡಿಕಲ್ ಮುಗಿಸಿದವರೆಲ್ಲ ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷ ದುಡಿಯಬೇಕಿತ್ತು, ಸಂಬಳವೂ ಉಂಟು; ಈಗ ಖಾಲಿ ಹುದ್ದೆ ಇದ್ದಷ್ಟು ಜನರಿಗೆ ಮಾತ್ರ. ನಮ್ಮ ಹುಡುಗರು ಸೀದಾ ಹೈಕೋರ್ಟಿಗೆ ಹೋದರು. ಪುಟ್ಟಿಯ ಫೋಟೋಗೆ ಕೈಮುಗಿದವರಲ್ಲೇ ಒಬ್ಬರ ಮಗ ಬೆಂಗಳೂರಿನಲ್ಲಿ ಎಂಬಿಬಿಎಸ್ ಕೊನೇ ವರ್ಷ. ಯಾದಗಿರಿ ಕಡೆ ಹಾಕಿಬಿಟ್ಟರೆ ಏನು ಗತಿ, ಯಾರಾದರೂ ಎಂಎಲ್‌ಎ ಪರಿಚಯ ಇದ್ದಾರಾ ಅಂತ ಅದೇ ಗ್ರೂಪಿನಲ್ಲಿ ಕೇಳಿದ್ದಾರೆ. ಯಾದಗಿರಿಗೆ ವೀಸಾ ಬೇಡ, ಟ್ರಿಪ್ ಕಂಪನಿಗೆ ಡಾಲರ್ ಕಟ್ಟಬೇಕಿಲ್ಲ. ದುಭಾಷಿಯೂ ಬೇಡ ಅನ್ನೋಣ ಅಂದರೆ, ಬೆಂಗಳೂರಿನ ಹುಡುಗ, ಅಲ್ಲಿನ ಕನ್ನಡ ಕೇಳಿದರೆ ಬೇಕಾಗಲೂಬಹುದು ಬಿಡಿ.